ನೆರೆ ಬಂದಾಗ ನೆರೆಯವನ ಸೇವೆ
(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



 ದೇವಾಲಯದ ಚರಿತ್ರೆ, ವಿದ್ಯಾಸೇವೆ, ಗಾಯನ ಪರಂಪರೆ ಮೊದಲಾದ ವಿಷಯಗಳ ಕುರಿತು ಬಲ್ಲವರು ಮಾತನಾಡಲಿದ್ದಾರೆ. ನನ್ನ ಪಾಲಿಗೆ ಬಂದ ವಿಷಯ ಉತ್ಸವದ ವಾತಾವರಣಕ್ಕೆ ಕೊಂಚ ಒರಟೆಂದು ತೋರಬಹುದು. ನೆರೆಹಾವಳಿಯುಂಟಾದಾಗ ಪರಿಹಾರಕಾರ್ಯಕ್ಕೆ ಜನರನ್ನು ಹೇಗೆ ನಿಯೋಜಿಸಬೇಕು, ಸಾಮಗ್ರಿಯನ್ನು ಹೇಗೆ ಸಾಗಿಸಬೇಕು, ಇವೆರಡನ್ನೂ ಒಂದಕ್ಕೊಂದು ಹೇಗೆ ಹೊಂದಿಸಬೇಕು ಎಂಬುದೇ ಆ ವಿಷಯ.

ಕನ್ನಡ ಭಾಷೆಯ ಸೊಗಸನ್ನು ನೋಡಿರಿ. ‘ನೆರೆ’ ಎಂದರೆ ಪ್ರವಾಹ. ‘ನೆರೆ’ ಎಂದರೆ ಪಕ್ಕದ ಮನೆ. ‘ನೆರೆ’ ಎಂದರೆ ಒಂದುಗೂಡು. ನೆರೆ ಬಂದಾಗ ನೆರೆಯವರಿಗಾಗಿ ನೆರೆಯಬೇಕು ಎಂಬ ಉಪದೇಶವು ಒಂದೇ ಶಬ್ದದಲ್ಲಿ ಅಡಗಿದೆ. ಆದರೆ ನೆರೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನೆರೆದವರು ಏನು ಮಾಡಬೇಕೆಂಬುದನ್ನು ಯಾರಾದರೊಬ್ಬರು ಮುಂಚಿತವಾಗಿ ಯೋಚಿಸಿರಬೇಕು. ಇಂದು ನಾನು ತಮ್ಮಲ್ಲಿ ನಿವೇದಿಸಿಕೊಳ್ಳಬೇಕೆಂದಿರುವ ಮುಖ್ಯ ಸಂಗತಿ ಇದೇ.

ನೂರು ವರ್ಷಗಳ ಆಯುಷ್ಯವುಳ್ಳ ದೇವಾಲಯವು ನೂರು ಮಳೆಗಾಲಗಳನ್ನು ಕಂಡಿರುತ್ತದೆ. ಸುಮಾರು ಒಂದು ಶತಮಾನದ ಹಿಂದೆ, 1923ರಲ್ಲಿ, ನೇತ್ರಾವತಿಯು ಉಕ್ಕಿ ಬಂಟ್ವಾಳ ಪಾಣೆಮಂಗಳೂರುಗಳನ್ನು ನುಂಗಿತು. ಮರುವರ್ಷ, 1924ರಲ್ಲಿ, ಕಾವೇರಿಯಲ್ಲಿ ಮಹಾಪೂರ ಬಂದಿತು. ಅದೇ ವರ್ಷ ಕೇರಳದಲ್ಲುಂಟಾದ ಪ್ರವಾಹವನ್ನು ಅಲ್ಲಿಯ ಜನರು ಕೊಲ್ಲಂ ಶಕೆ 1099ರ ಲೆಕ್ಕದಿಂದ ಇಂದಿಗೂ ‘ತೊಂಬತ್ತೊಂಬತ್ತರ ನೆರೆ’ ಎಂದೇ ಕರೆಯುತ್ತಾರೆ. 1974ರಲ್ಲಿ ನೇತ್ರಾವತಿಯು ಮತ್ತೊಮ್ಮೆ ಉಕ್ಕಿತು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕ ತತ್ತರಿಸಿತು. 2018ರಲ್ಲಿ ಕೊಡಗಿನ ಬೆಟ್ಟಗಳು ಕುಸಿದವು. 2019ರಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಬೆಳಗಾವಿ ಬಾಗಲಕೋಟೆ ಜಿಲ್ಲೆಗಳ ಊರುಗಳನ್ನು ಮುಳುಗಿಸಿದವು. ನೀರು ಮತ್ತೆ ಬರುತ್ತದೆ. ಬರುವಾಗ ಅದು ನಮ್ಮ ಸಿದ್ಧತೆಗಾಗಿ ಕಾಯುವುದಿಲ್ಲ.

ಪರಿಹಾರಕಾರ್ಯದಲ್ಲಿ ಸಿಬ್ಬಂದಿಯ ನಿಯೋಜನೆ ಎಂದೊಡನೆ ಅದು ಸರ್ಕಾರಿ ಕಛೇರಿಯ ಮಾತು, ದೇವಾಲಯಕ್ಕೂ ಅದಕ್ಕೂ ಏನು ಸಂಬಂಧ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸೀತು. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ನೆನಪಿಗೆ ತಂದುಕೊಳ್ಳಿರಿ. ಆದಿ ಧರ್ಮಸಭೆಯಲ್ಲಿ ದಿನದಿನವೂ ಬಡವರಿಗೆ ಆಹಾರ ಹಂಚಲಾಗುತ್ತಿತ್ತು. ಕೊಡುವವರಿದ್ದರು, ಕೊಡುವ ಮನಸ್ಸಿತ್ತು. ಆದರೂ ಗ್ರೀಕ್ ಭಾಷೆಯನ್ನಾಡುವ ವಿಧವೆಯರಿಗೆ ಅವರ ಪಾಲು ಸಿಗುತ್ತಿರಲಿಲ್ಲ. ಗೊಣಗಾಟವೆದ್ದಿತು. ಪ್ರೇಷಿತರು ಗೊಣಗಿದವರನ್ನು ಗದರಿಸಲಿಲ್ಲ. ಎಲ್ಲವನ್ನೂ ತಾವೇ ಮಾಡುತ್ತೇವೆಂದು ಹೊರಡಲೂ ಇಲ್ಲ. ಒಳ್ಳೆಯ ಹೆಸರುಳ್ಳ ಏಳು ಮಂದಿಯನ್ನು ಆರಿಸುವಂತೆ ಸಭೆಗೆ ಹೇಳಿ, ಸಭೆಯು ಆರಿಸಿದವರ ಮೇಲೆ ಹಸ್ತನಿಕ್ಷೇಪ ಮಾಡಿ, ಆ ಕೆಲಸವನ್ನು ಅವರಿಗೆ ಒಪ್ಪಿಸಿದರು. ಆ ಏಳು ಮಂದಿಯ ಹೆಸರುಗಳನ್ನು ಗಮನಿಸಿದರೆ ಎಲ್ಲವೂ ಗ್ರೀಕ್ ಹೆಸರುಗಳೇ. ಎಂದರೆ ಯಾರ ಕಡೆಯವರಿಗೆ ಅನ್ಯಾಯವಾಗಿತ್ತೋ ಆ ಕಡೆಯವರ ಕೈಗೇ ಹಂಚಿಕೆಯ ಕೆಲಸ ಬಂದಂತೆ ಕಾಣುತ್ತದೆ. ಧರ್ಮಸಭೆಯ ಸೇವಾವ್ಯವಸ್ಥೆಯು ಹುಟ್ಟಿದ್ದು ಹಂಚಿಕೆಯಲ್ಲಾದ ಒಂದು ಕುಂದಿನಿಂದ. ಕುಂದು ನಿವಾರಣೆಯಾದದ್ದು ಸರಿಯಾದ ಜನರ ನೇಮಕದಿಂದ.

ಈ ದೃಷ್ಟಿಯಿಂದ ಇತ್ತೀಚಿನ ಒಂದು ಮಹಾಪ್ರವಾಹವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸೋಣ. 2018ರ ಆಗಸ್ಟ್ ತಿಂಗಳಲ್ಲಿ ನಮ್ಮ ನೆರೆಯ ಕೇರಳ ರಾಜ್ಯದಲ್ಲಿ ನಡೆದುದು ನಮಗೆ ಅತ್ಯಂತ ಉಪಯುಕ್ತವಾದ ಪಾಠವಾಗಿದೆ. ಆ ವರ್ಷ ಜೂನ್ 1ರಿಂದ ಆಗಸ್ಟ್ 19ರವರೆಗೆ ಅಲ್ಲಿ ಬೀಳಬೇಕಾಗಿದ್ದ ವಾಡಿಕೆಯ ಮಳೆ ಸುಮಾರು 1,650 ಮಿಲಿಮೀಟರ್. ಬಿದ್ದದ್ದು ಸುಮಾರು 2,346 ಮಿಲಿಮೀಟರ್. ಇಡುಕ್ಕಿ ಜಲಾಶಯದ ಚೆರುತೋಣಿ ಅಣೆಕಟ್ಟಿನ ಬಾಗಿಲುಗಳನ್ನು 26 ವರ್ಷಗಳ ನಂತರ ತೆರೆಯಬೇಕಾಯಿತು. ಸ್ವರ್ಗಸ್ವೀಕೃತ ಮಾತೆಯ ಹಬ್ಬವೂ ಸ್ವಾತಂತ್ರ್ಯೋತ್ಸವವೂ ಆದ ಆಗಸ್ಟ್ 15ರಿಂದ ಮೂರು ದಿನಗಳ ಕಾಲ ಸುರಿದ ಮಳೆಯು ಪೆರಿಯಾರ್, ಚಾಲಕ್ಕುಡಿ, ಪಂಪಾ ನದಿಗಳ ತೀರಗಳನ್ನೆಲ್ಲ ಜಲಮಯವಾಗಿಸಿತು. ನಾನೂರಕ್ಕಿಂತಲೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಸುಮಾರು 14 ಲಕ್ಷ ಜನರು ಪರಿಹಾರ ಶಿಬಿರಗಳನ್ನು ಸೇರಿದರು. ವಯನಾಡಿನ ಮಳೆಯಿಂದ ಕಬಿನಿಯು ತುಂಬಿ ನಮ್ಮ ನಂಜನಗೂಡಿನ ರಸ್ತೆಗಳ ಮೇಲೂ ನೀರು ಹರಿಯಿತು.

ಅಂದು ಕೇರಳದ ಕಡಲತೀರದ ಬೆಸ್ತರು ಮಾಡಿದ ಸೇವೆಯನ್ನು ಲೋಕವೆಲ್ಲ ಕೊಂಡಾಡಿತು. ಸರ್ಕಾರದ ಲೆಕ್ಕದಂತೆ 669 ದೋಣಿಗಳೂ ನಾಲ್ಕೂವರೆ ಸಾವಿರ ಬೆಸ್ತರೂ ಹೊರಟು ಸುಮಾರು 65,000 ಜನರನ್ನು ರಕ್ಷಿಸಿದರು. ಅವರಲ್ಲಿ ತಿರುವನಂತಪುರ ಕೊಲ್ಲಂ ಕಡೆಯ ಕಥೋಲಿಕ ಧರ್ಮಕೇಂದ್ರಗಳವರು ಬಹು ಮಂದಿ ಇದ್ದರು. ಮುಸಲ್ಮಾನರೂ ಹಿಂದೂಗಳೂ ಇದ್ದರು. ಅವರ ಧೈರ್ಯವನ್ನು ನಾವೂ ಕೊಂಡಾಡೋಣ. ಆದರೆ ಧೈರ್ಯದ ಹಿಂದಿದ್ದ ಏರ್ಪಾಡನ್ನು ಗಮನಿಸದಿದ್ದರೆ ಪಾಠ ಕಲಿತಂತಾಗದು. ಸಮುದ್ರದ ದೋಣಿಯು ತಾನಾಗಿ ಚೆಂಗನ್ನೂರಿಗೆ ಬರಲಾರದು. ಅದನ್ನು ಲಾರಿಯ ಮೇಲೇರಿಸಬೇಕು. ಏರಿಸಲು ಹತ್ತಾರು ಕೈಗಳು ಬೇಕು. ಲಾರಿಯ ಮಾಲೀಕನು ಒಪ್ಪಬೇಕು, ಚಾಲಕನು ದಾರಿ ತಿಳಿದಿರಬೇಕು, ನೀರಿಲ್ಲದ ದಾರಿ ಯಾವುದೆಂದು ಯಾರಾದರೂ ಹೇಳಬೇಕು. ಯಂತ್ರಕ್ಕೆ ಇಂಧನ ಬೇಕು, ಮುಗಿದಾಗ ಮತ್ತೆ ತಂದುಕೊಡುವವರು ಬೇಕು. ಕಡಲನ್ನು ಬಲ್ಲ ಬೆಸ್ತರಿಗೆ ಆ ಊರಿನ ಓಣಿಗಳು ತಿಳಿಯವು. ಎಲ್ಲಿ ಆವರಣದ ಗೋಡೆ ನೀರಿನಡಿ ಅಡಗಿದೆ, ಎಲ್ಲಿ ವಿದ್ಯುತ್ ತಂತಿ ತಲೆಯ ಮಟ್ಟಕ್ಕೆ ಬಂದಿದೆ, ಯಾವ ಮನೆಯ ಮಾಳಿಗೆಯಲ್ಲಿ ಹಾಸಿಗೆ ಹಿಡಿದ ಮುದುಕಿಯಿದ್ದಾಳೆ ಎಂಬುದನ್ನು ಬಲ್ಲವನು ಆ ಊರಿನ ಯುವಕನೇ. ಅವನು ದೋಣಿಯ ಮುಂಭಾಗದಲ್ಲಿ ಕುಳಿತಾಗಲೇ ಬೆಸ್ತನ ಬಲಕ್ಕೆ ಕಣ್ಣು ಬಂದಂತಾಯಿತು. ದಡಕ್ಕೆ ತಂದವರನ್ನು ಶಿಬಿರಕ್ಕೊಯ್ಯಲು ವಾಹನ, ಹೆಸರು ಬರೆದುಕೊಳ್ಳಲು ಒಬ್ಬ ಲೇಖಕ, ಒಣ ಬಟ್ಟೆ, ಬಿಸಿ ಗಂಜಿ — ಇಷ್ಟೂ ಸೇರಿದಾಗಲೇ ಒಂದು ದೋಣಿಯ ಸೇವೆಯು ಪೂರ್ಣವಾಗುತ್ತದೆ. ದಿನಗೂಲಿಯನ್ನು ಬಿಟ್ಟು ಬಂದ ಬೆಸ್ತನ ಮನೆಯಲ್ಲಿಯೂ ಒಲೆ ಉರಿಯಬೇಕಲ್ಲವೇ? ದೋಣಿಯೊಂದಕ್ಕೆ ದಿನಕ್ಕೆ 3,000 ರೂಪಾಯಿಗಳನ್ನೂ ಇಂಧನವನ್ನೂ ಕೊಡುವುದಾಗಿ, ಹಾನಿಗೊಂಡ ದೋಣಿಗಳನ್ನು ದುರಸ್ತಿ ಮಾಡಿಸುವುದಾಗಿ ಸರ್ಕಾರವು ಪ್ರಕಟಿಸಿತು. ಸೇವೆ ಮಾಡುವವನ ಹೊಟ್ಟೆಯನ್ನು ಮರೆಯುವ ಏರ್ಪಾಡು ಬಹುದಿನ ಬಾಳದು.

ಎರಡನೆಯ ಪಾಠವು ಸಮಾಚಾರದ ಕುರಿತಾದುದು. ಆ ದಿನಗಳಲ್ಲಿ ಸಹಾಯದ ಕೋರಿಕೆಗಳು ದೂರವಾಣಿಯ ಮೂಲಕ, ವಾಟ್ಸಾಪಿನ ಮೂಲಕ, ಸರ್ಕಾರವೂ ಸ್ವಯಂಸೇವಕರೂ ಕೂಡಿ ರಚಿಸಿದ ಜಾಲತಾಣದ ಮೂಲಕ ಧಾರಾಕಾರವಾಗಿ ಬಂದವು. ಒಂದು ಮನೆಯ ಕೋರಿಕೆಯನ್ನೇ ದುಬೈಯಲ್ಲಿದ್ದ ಮಗನೂ ಬೆಂಗಳೂರಿನಲ್ಲಿದ್ದ ಮಗಳೂ ಪಕ್ಕದ ಮನೆಯವರೂ ಬೇರೆ ಬೇರೆಯಾಗಿ ಕಳುಹಿಸಿದರೆ ಒಂದು ಸಂಕಟವು ಮೂರಾಗಿ ಕಾಣುತ್ತದೆ. ರಕ್ಷಿಸಲ್ಪಟ್ಟು ಶಿಬಿರ ಸೇರಿದವರ ಹೆಸರಿನ ಸಂದೇಶವು ಆಮೇಲೆಯೂ ಕೈಯಿಂದ ಕೈಗೆ ಹರಿಯುತ್ತಿದ್ದರೆ ದೋಣಿಯು ಬರಿದಾದ ಮನೆಗೆ ಹೋಗುತ್ತದೆ. ಜನರಿರುವ ಮನೆಯು ಕಾಯುತ್ತಿರುತ್ತದೆ. ಆದುದರಿಂದ ಅನೇಕ ತರುಣ ತರುಣಿಯರು ನೀರಿಗಿಳಿಯದೆ, ದೂರವಾಣಿಯ ಮುಂದೆ ಹಗಲಿರುಳು ಕುಳಿತು, ಪ್ರತಿಯೊಂದು ಸಂಖ್ಯೆಗೂ ಕರೆಮಾಡಿ, ಯಾರು ಸಿಕ್ಕಿದರು, ಯಾರು ಇನ್ನೂ ಸಿಕ್ಕಬೇಕು ಎಂದು ವಿಚಾರಿಸಿ ಪಟ್ಟಿಯನ್ನು ಶುದ್ಧಗೊಳಿಸುವ ಕೆಲಸವನ್ನೇ ಮಾಡಿದರು. ಅವರ ಚಿತ್ರಗಳು ಪತ್ರಿಕೆಗಳಲ್ಲಿ ಬರುವುದು ವಿರಳ. ಅವರು ಅಳಿಸಿದ ಒಂದೊಂದು ಹಳೆಯ ಹೆಸರೂ ದೋಣಿಯ ಒಂದು ವ್ಯರ್ಥ ಯಾನವನ್ನು ಉಳಿಸಿತೆಂಬುದನ್ನು ನಾವು ಮರೆಯಬಾರದು.

ಮೂರನೆಯದು ಸಾಮಗ್ರಿಯ ವಿಚಾರ. 2004ರ ಡಿಸೆಂಬರ್ 26ರ ಸುನಾಮಿಯ ತರುವಾಯ ತಮಿಳುನಾಡಿನ ಕಡಲತೀರದ ರಸ್ತೆಗಳ ಬದಿಯಲ್ಲಿ ಹಳೆಯ ಬಟ್ಟೆಗಳ ರಾಶಿಗಳು ಯಾರಿಗೂ ಬೇಡವಾಗಿ ಬಿದ್ದಿದ್ದವು. ಕೊಟ್ಟವರ ಮನಸ್ಸು ಕೆಟ್ಟದ್ದಾಗಿರಲಿಲ್ಲ. ಆದರೆ ಹಳೆಯ ಬಟ್ಟೆಯನ್ನು ಹೊತ್ತ ಲಾರಿಯು ಅಕ್ಕಿಯ ಲಾರಿಯ ದಾರಿಗೆ ಅಡ್ಡವಾಗಿ ನಿಲ್ಲುತ್ತದೆ. ಅದನ್ನಿಳಿಸಲು ಇಪ್ಪತ್ತು ಮಂದಿಯ ಅರ್ಧ ದಿನ ಹೋಗುತ್ತದೆ. ಇಡಲು ಉಗ್ರಾಣದ ಒಂದು ಮೂಲೆ ಹೋಗುತ್ತದೆ. ಬೇಡದ ದಾನವು ಬೇಕಾದ ದಾನವನ್ನು ತಡೆಯುತ್ತದೆ. ಹಾಗಾದರೆ ಬೇಕಾದುದೆಷ್ಟು? ಇದಕ್ಕೆ ಅಂದಾಜಿನ ಲೆಕ್ಕವುಂಟು. 1997ರಲ್ಲಿ ನಾನಾ ದೇಶಗಳ ಸೇವಾಸಂಸ್ಥೆಗಳು ಕೂಡಿ ಆರಂಭಿಸಿದ ‘ಸ್ಫಿಯರ್’ ಎಂಬ ಯೋಜನೆಯ ಕೈಪಿಡಿಯು ಮನುಷ್ಯನ ಘನತೆಗೆ ತಕ್ಕ ಕನಿಷ್ಠ ಪ್ರಮಾಣಗಳನ್ನು ಸೂಚಿಸಿದೆ. ಕುಡಿಯಲು, ಅಡಿಗೆಗೆ, ಶುಚಿತ್ವಕ್ಕೆ ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು. ಮಲಗಲು ಒಬ್ಬರಿಗೆ ಮೂರೂವರೆ ಚದರ ಮೀಟರ್ ಸ್ಥಳ. 20 ಜನರಿಗೆ ಒಂದು ಶೌಚಾಲಯ. ದಿನಕ್ಕೆ 2,100 ಕ್ಯಾಲೊರಿ ಆಹಾರ.

ನಮ್ಮ ಶಾಲೆಯಲ್ಲಿ 500 ಜನರ ಶಿಬಿರ ತೆರೆಯಬೇಕಾಯಿತೆಂದು ಭಾವಿಸಿರಿ. ದಿನಕ್ಕೆ 7,500 ಲೀಟರ್ ನೀರು ಬೇಕು. ಶೌಚಾಲಯಗಳು 25 ಬೇಕು. ಅವುಗಳಲ್ಲಿ ಹೆಚ್ಚಿನವು ಸ್ತ್ರೀಯರಿಗೆ ಮೀಸಲಾಗಿರಬೇಕು. ಇಪ್ಪತ್ತು ಅಡಿ ಅಗಲ, ಇಪ್ಪತ್ತೈದು ಅಡಿ ಉದ್ದದ ತರಗತಿಯಲ್ಲಿ ಸರಿಯಾಗಿ ಮಲಗಬಹುದಾದವರು 13 ಮಂದಿ ಮಾತ್ರ. ತಲೆಗೆ 400 ಗ್ರಾಂ ಅಕ್ಕಿ, 60 ಗ್ರಾಂ ಬೇಳೆ ಎಂದರೆ ದಿನಕ್ಕೆ ಎರಡು ಕ್ವಿಂಟಲ್ ಅಕ್ಕಿ, 30 ಕಿಲೊ ಬೇಳೆ. ಈ ಲೆಕ್ಕವನ್ನು ಬಿಸಿಲಿರುವಾಗ ಕಾಗದದ ಮೇಲೆ ಬರೆದಿಟ್ಟರೆ ನಮ್ಮ ಶಾಲೆಯು ಎಷ್ಟು ಜನರಿಗೆ ಆಶ್ರಯ ಕೊಡಬಲ್ಲದು, ಎಷ್ಟು ಜನರನ್ನು ಬೇರೆಡೆಗೆ ಕಳುಹಿಸಬೇಕು ಎಂಬುದು ಮಳೆಗೆ ಮೊದಲೇ ತಿಳಿಯುತ್ತದೆ. ನೀರಿನ ಮಧ್ಯದಲ್ಲಿಯೇ ನೀರಿಗಾಗಿ ಪರದಾಟವೆಂಬುದೂ ಸುಳ್ಳಲ್ಲ. 2018ರಲ್ಲಿ ಕೇರಳಕ್ಕೆ ಕುಡಿಯುವ ನೀರನ್ನು ಪುಣೆಯಿಂದ ರೈಲಿನ ವ್ಯಾಗನ್ನುಗಳಲ್ಲಿ ಕಳುಹಿಸಬೇಕಾಯಿತು.

ಸಾಗಾಣಿಕೆಯೆಂಬುದು ಒಂದೇ ಓಟವಲ್ಲ, ಹಲವು ಕೈಬದಲಿಗಳ ಸರಪಳಿ. ಕೊಚ್ಚಿಯ ವಿಮಾನ ನಿಲ್ದಾಣವು ಆಗಸ್ಟ್ 15ರಂದು ಮುಚ್ಚಿ 29ರಂದು ತೆರೆಯಿತು. ನಡುವೆ ನೌಕಾಪಡೆಯ ವಿಮಾನ ನೆಲೆಯನ್ನು ನಾಗರಿಕ ವಿಮಾನಗಳಿಗೆ ಬಿಟ್ಟುಕೊಡಬೇಕಾಯಿತು. ಒಂದು ಕೊಂಡಿ ಕಳಚಿದರೆ ಮತ್ತೊಂದನ್ನು ಹುಡುಕಬೇಕು. ದೊಡ್ಡ ಲಾರಿಯು ಹೆದ್ದಾರಿಯವರೆಗೆ ಬಂದೀತು. ಅಲ್ಲಿಂದ ಟ್ರ್ಯಾಕ್ಟರು, ಅಲ್ಲಿಂದ ದೋಣಿ, ಅಲ್ಲಿಂದ ತಲೆಹೊರೆ. ಪ್ರತಿಯೊಂದು ಕೈಬದಲಿಯಲ್ಲಿಯೂ ಇಳಿಸುವವರು ಬೇಕು, ಎಣಿಸುವವರು ಬೇಕು, ಒದ್ದೆಯಾಗದಂತೆ ಮುಚ್ಚಲು ಟಾರ್ಪಾಲು ಬೇಕು. ಬಂದ ಸಾಮಾನನ್ನು ಮೊದಲು ವಿಂಗಡಿಸಿ, ಮೇಲೆ ಏನಿದೆಯೆಂದು ಬರೆದು, ದಾಸ್ತಾನು ಪುಸ್ತಕದಲ್ಲಿ ಏರಿಸಿ, ಹೊರಡುವಾಗ ಮೂರು ಪ್ರತಿ ಚೀಟಿ ಬರೆಯಬೇಕು: ಒಂದು ಉಗ್ರಾಣಕ್ಕೆ, ಒಂದು ಚಾಲಕನಿಗೆ, ಒಂದು ಪಡೆದುಕೊಂಡವರು ರುಜುಹಾಕಿ ಹಿಂದಿರುಗಿಸಲು. ಔಷಧಗಳಲ್ಲಿ ಯಾವುದರ ಅವಧಿ ಮೊದಲು ಮುಗಿಯುವುದೋ ಅದೇ ಮೊದಲು ಹೊರಗೆ ಹೋಗಬೇಕು. ಐದು ಸಾವಿರ ಗಂಡಸರಿಗೆ ಊಟವಿಕ್ಕುವ ಮೊದಲು ಯೇಸುಸ್ವಾಮಿಯು ಅವರನ್ನು ನೂರು ನೂರಾಗಿ, ಐವತ್ತು ಐವತ್ತಾಗಿ ಹುಲ್ಲಿನ ಮೇಲೆ ಕುಳ್ಳಿರಿಸಿದರೆಂದು ಸಂತ ಮಾರ್ಕನು ಬರೆದಿದ್ದಾನೆ. ಊಟದ ನಂತರ ಉಳಿದ ತುಣುಕುಗಳು ಹನ್ನೆರಡು ಬುಟ್ಟಿ ತುಂಬಿದವು. ಪವಾಡಕ್ಕೂ ಪಂಕ್ತಿ ಬೇಕಾಯಿತು; ಮಿಕ್ಕಿದ್ದಕ್ಕೂ ಲೆಕ್ಕವಿತ್ತು.

ನಾಲ್ಕನೆಯದಾಗಿ, ಜನರ ನಿಯೋಜನೆ. ಮೊದಲ ಎರಡು ದಿನ ನೂರಾರು ಮಂದಿ ಸ್ವಯಂಸೇವಕರು ಬರುತ್ತಾರೆ. ಎಲ್ಲರೂ ದೋಣಿ ಹತ್ತಲು ಬಯಸುತ್ತಾರೆ. ಶೌಚಾಲಯ ತೊಳೆಯಲು ಯಾರೂ ಇರುವುದಿಲ್ಲ. ಏಳನೆಯ ದಿನ ಹತ್ತು ಮಂದಿ ಉಳಿಯುತ್ತಾರೆ. ಅವರೂ ನಿದ್ದೆಗೆಟ್ಟು ಒಬ್ಬರ ಮೇಲೊಬ್ಬರು ಸಿಡುಕುತ್ತಿರುತ್ತಾರೆ. ಇದಕ್ಕೆ ಮದ್ದು ಪಾಳಿಯ ಪದ್ಧತಿ. ಐನೂರು ಜನರ ಶಿಬಿರಕ್ಕೆ ಏಳು ಕೆಲಸಗಳೆಂದು ಎಣಿಸೋಣ: ಹೆಸರು ನೋಂದಣಿ, ನೀರು, ಅಡಿಗೆ, ಶೌಚ ಮತ್ತು ಶುಚಿತ್ವ, ಆರೋಗ್ಯ, ಉಗ್ರಾಣ, ಸ್ತ್ರೀಯರು ಮಕ್ಕಳು ವೃದ್ಧರ ರಕ್ಷಣೆ. ಒಂದು ಕೆಲಸಕ್ಕೆ ಇಬ್ಬರಂತೆ, ಎಂಟೆಂಟು ಗಂಟೆಗಳ ಮೂರು ಪಾಳಿಗಳಿಗೆ 42 ಮಂದಿ. ಪಾಳಿಗೊಬ್ಬ ಮುಖ್ಯಸ್ಥನಂತೆ ಇನ್ನು ಮೂವರು. ಇದು ಅತ್ಯಂತ ಕನಿಷ್ಠ ಲೆಕ್ಕ. ಅಡಿಗೆಗೆ ಇನ್ನೂ ಹೆಚ್ಚು ಕೈಗಳು ಬೇಕಾದೀತು. ಪಾಳಿ ಬದಲಾಗುವಾಗ ಹೋಗುವವನು ಬರುವವನಿಗೆ ಬಾಯಿಮಾತಿನಿಂದಲೂ ಪುಸ್ತಕದಿಂದಲೂ ವಿಷಯಗಳನ್ನು ಒಪ್ಪಿಸಬೇಕು: ಯಾವ ಬಾಣಂತಿಗೆ ಔಷಧ ಕೊಡಬೇಕಾಗಿದೆ, ಯಾವ ಟ್ಯಾಂಕು ಖಾಲಿಯಾಗುತ್ತಿದೆ, ಯಾವ ಮಗುವಿನ ತಂದೆತಾಯಿ ಇನ್ನೂ ಸಿಕ್ಕಿಲ್ಲ. ಒಬ್ಬ ಮೇಲ್ವಿಚಾರಕನ ಕೈಕೆಳಗೆ ಐದು ಮಂದಿಯಿದ್ದರೆ ಉತ್ತಮ, ಏಳನ್ನು ಮೀರಬಾರದು ಎಂಬುದು ಅನುಭವಿಗಳು ಒಪ್ಪಿದ ಸೂತ್ರ.

ಸ್ತ್ರೀಯರ ಹೆಸರುಗಳನ್ನು ಬರೆದುಕೊಳ್ಳಲು, ಅವರ ಅಗತ್ಯಗಳನ್ನು ಕೇಳಲು ಸ್ತ್ರೀಯರೇ ಇರಬೇಕು. ಗಂಡಸರ ಮುಂದೆ ಹೇಳಲಾರದ ಅಗತ್ಯವು ಪಟ್ಟಿಯಲ್ಲಿ ಬರುವುದಿಲ್ಲ. ಪಟ್ಟಿಯಲ್ಲಿ ಬಾರದ್ದು ಲಾರಿಯಲ್ಲಿಯೂ ಬರುವುದಿಲ್ಲ. ಸರದಿಯಲ್ಲಿ ನಿಲ್ಲಲಾರದ ವೃದ್ಧರು, ಭಾಷೆ ತಿಳಿಯದ ಹೊರನಾಡಿನ ಕೂಲಿಕಾರರು, ಊರ ಹೊರಗಿನ ಕೇರಿಯವರು — ಇವರೇ ನಮ್ಮ ಕಾಲದ ಗ್ರೀಕ್ ವಿಧವೆಯರು. ಅವರ ಕಡೆಯವರೊಬ್ಬರು ಹಂಚುವವರ ಸಾಲಿನಲ್ಲಿದ್ದರೆ ಅವರ ಪಾಲು ತಪ್ಪುವುದಿಲ್ಲ.

ಸೇವಕರ ಆರೋಗ್ಯವೂ ಈ ಏರ್ಪಾಡಿಗೆ ಸೇರಿದ್ದು. ಕೇರಳದಲ್ಲಿ ನೀರಿಳಿದ ತರುವಾಯ ಇಲಿಜ್ವರವು ಹರಡಿತು. ಕಲುಷಿತ ನೀರಿನಲ್ಲಿ ಕೆಲಸ ಮಾಡುವವರೆಲ್ಲರೂ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸೇವಿಸಬೇಕೆಂದು ಅಲ್ಲಿಯ ಆರೋಗ್ಯ ಇಲಾಖೆಯು ಸೂಚಿಸಿತು. ಆದುದರಿಂದ ಸ್ವಯಂಸೇವಕನನ್ನು ಕೆಸರಿಗೆ ಕಳುಹಿಸುವ ಮುನ್ನ ಅವನಿಗೆ ಬೂಟು, ಕೈಗವಸು, ವೈದ್ಯರ ಸಲಹೆಯಂತೆ ಔಷಧ ಇವನ್ನು ಒದಗಿಸುವುದು ಕಳುಹಿಸುವವರ ಹೊಣೆ. ಅವನೂ ಒಬ್ಬ ತಾಯಿಯ ಮಗನೇ.

ಐದನೆಯದು ಆಜ್ಞೆಯ ಏಕತೆ. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರವಿದೆ. 2010ರಲ್ಲಿ ರಾಷ್ಟ್ರೀಯ ಪ್ರಾಧಿಕಾರವು ಹೊರಡಿಸಿದ ಮಾರ್ಗಸೂಚಿಯು ಕೆಲಸವನ್ನು ಮೂರು ಭಾಗ ಮಾಡಿದೆ: ಕಾರ್ಯಾಚರಣೆ, ಯೋಜನೆ, ಸಾಗಾಣಿಕೆ. ಮೂರಕ್ಕೂ ಮೇಲೆ ಒಬ್ಬ ಹೊಣೆಗಾರ ಅಧಿಕಾರಿ. ಸುನಾಮಿಯ ನಂತರ ನಾಗಪಟ್ಟಿಣದಲ್ಲಿ ನೂರಾರು ಸಂಸ್ಥೆಗಳು ಬಂದಿಳಿದಾಗ, ಯಾರು ಯಾವ ಊರಿಗೆ ಹೋಗುತ್ತಾರೆಂಬುದನ್ನು ಬರೆದಿಡಲು ಜಿಲ್ಲಾಡಳಿತದ ಜೊತೆಗೂಡಿ ಒಂದು ಸಮನ್ವಯ ಕೇಂದ್ರವನ್ನೇ ತೆರೆಯಬೇಕಾಯಿತು. ಹಾಗಿಲ್ಲದಿದ್ದರೆ ರಸ್ತೆಯ ಪಕ್ಕದ ಊರಿಗೆ ಐದು ಸಲ ಅಕ್ಕಿ ಬರುತ್ತದೆ. ಹೊಳೆಯಾಚೆಯ ಊರಿಗೆ ಒಂದು ಸಲವೂ ಬರುವುದಿಲ್ಲ. ಧರ್ಮಕೇಂದ್ರವು ತನ್ನ ಹೆಸರಿನ ಫಲಕಕ್ಕಾಗಿ ಪ್ರತ್ಯೇಕವಾಗಿ ಓಡಾಡದೆ, ಜಿಲ್ಲಾ ನಿಯಂತ್ರಣ ಕೊಠಡಿಗೆ ತನ್ನ ಶಕ್ತಿ ಇಷ್ಟು, ತನ್ನ ಮಿತಿ ಇಷ್ಟು ಎಂದು ತಿಳಿಸಿ, ಒಪ್ಪಿಸಿದ ಕೆಲಸವನ್ನು ಚೊಕ್ಕಟವಾಗಿ ಮಾಡುವುದೇ ಶ್ರೇಯಸ್ಕರ. 1962ರಲ್ಲಿ ಸ್ಥಾಪಿತವಾದ ಕಾರಿತಾಸ್ ಇಂಡಿಯಾ ಸಂಸ್ಥೆಯೂ ಧರ್ಮಪ್ರಾಂತಗಳ ಸಮಾಜಸೇವಾ ಸಂಸ್ಥೆಗಳೂ ಇದರಲ್ಲಿ ನಮಗೆ ದಾರಿ ತೋರಬಲ್ಲವು.

ಆರನೆಯದು ಪ್ರಾಮಾಣಿಕತೆ ಮತ್ತು ನಿಷ್ಪಕ್ಷಪಾತ. ಜೆರುಸಲೇಮಿನ ಬಡವರಿಗಾಗಿ ಸಂಗ್ರಹಿಸಿದ ಹಣವನ್ನು ಸಂತ ಪೌಲನು ಒಬ್ಬನ ಕೈಯಲ್ಲಿ ಕಳುಹಿಸಲಿಲ್ಲ. ತೀತನ ಜೊತೆಗೆ ಸಭೆಗಳ ನಂಬಿಕೆಗೆ ಪಾತ್ರರಾದ ಇನ್ನಿಬ್ಬರನ್ನು ಸೇರಿಸಿದನು. ದೇವರ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ವ್ಯವಹಾರವು ಶುದ್ಧವೆಂದು ಕಾಣಬೇಕೆಂಬುದು ಅವನ ಕಾಳಜಿಯಾಗಿತ್ತು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿ ಇದನ್ನು ಕಾಣಬಹುದು. ನಾವೂ ಬಂದ ಹಣ, ಹೋದ ಹಣಗಳ ಲೆಕ್ಕವನ್ನು ದೇವಾಲಯದ ಫಲಕದ ಮೇಲೆ ಎಲ್ಲರೂ ನೋಡುವಂತೆ ಹಾಕಬೇಕು. 1994ರಲ್ಲಿ ರೆಡ್‌ಕ್ರಾಸ್ ಸಂಸ್ಥೆಯೂ ಇತರ ಸೇವಾಸಂಸ್ಥೆಗಳೂ ರಚಿಸಿದ ನಡವಳಿಕೆಯ ನಿಯಮಾವಳಿಗೆ ಅಂತರರಾಷ್ಟ್ರೀಯ ಕಾರಿತಾಸ್ ಸಂಸ್ಥೆಯೂ ಪ್ರಾಯೋಜಕವಾಗಿದೆ. ನೆರವು ಅಗತ್ಯವನ್ನು ಮಾತ್ರ ನೋಡಬೇಕು. ಜಾತಿ, ಮತ, ಪಕ್ಷಗಳನ್ನು ನೋಡಬಾರದು. ಯಾವ ಮತದ ಪ್ರಚಾರಕ್ಕೂ ಅದನ್ನು ಬಳಸಬಾರದು ಎಂಬುದು ಅದರ ಸಾರ. ನ್ಯಾಯವಾಗಿ ಸಲ್ಲಬೇಕಾದುದನ್ನು ಧರ್ಮದ ಕೊಡುಗೆಯೆಂಬಂತೆ ಕೊಡಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯೂ 1965ರ ಶ್ರೀಸಾಮಾನ್ಯರ ಪ್ರೇಷಿತಕಾರ್ಯದ ಆದೇಶಪತ್ರದಲ್ಲಿ ಎಚ್ಚರಿಸಿದೆ. ಶಿಬಿರದಲ್ಲಿ ಸಾಲಾಗಿ ನಿಂತವನು ನಮ್ಮ ಋಣಿಯಲ್ಲ, ನಮ್ಮ ಅತಿಥಿ.

ಕೊನೆಯದಾಗಿ, ನೀರಿಳಿದ ಮೇಲಿನ ಕೆಲಸ. ಛಾಯಾಗ್ರಾಹಕರು ಹೊರಟುಹೋದ ಮೇಲೆಯೇ ದೊಡ್ಡ ಕೆಲಸ ಆರಂಭವಾಗುತ್ತದೆ. ಮೊಣಕಾಲುದ್ದದ ಕೆಸರು, ಕೆಟ್ಟ ಬಾವಿ, ತೊಯ್ದ ಪುಸ್ತಕ, ಮೂಲೆಯಲ್ಲಿ ಹಾವು. 2018ರ ಆಗಸ್ಟ್ ಕೊನೆಯಲ್ಲಿ ಕುಟ್ಟನಾಡಿನ ಮನೆಗಳನ್ನು ಶುಚಿಗೊಳಿಸಲು ಸಹಸ್ರಾರು ಸ್ವಯಂಸೇವಕರು ದೋಣಿಗಳಲ್ಲಿ ಹೋದರು. ಅವರೊಡನೆ ವಿದ್ಯುತ್ ಕೆಲಸದವರು, ಕೊಳಾಯಿ ಕೆಲಸದವರು, ಬಡಗಿಗಳು, ಹಾವು ಹಿಡಿಯುವವರೂ ಇದ್ದರು. ಕುಟುಂಬಶ್ರೀ ಎಂಬ ಸ್ತ್ರೀಯರ ನೆರೆಕೂಟಗಳ ಸದಸ್ಯೆಯರು ಊರೂರುಗಳಲ್ಲಿ ಪೊರಕೆ ಹಿಡಿದು ಮುಂದೆ ಬಂದರು. ಆ ಕೂಟಗಳು ಪ್ರವಾಹಕ್ಕೆಂದು ಹುಟ್ಟಿದವಲ್ಲ. 1998ರಿಂದಲೂ ವಾರವಾರ ಒಟ್ಟಿಗೆ ಕುಳಿತು ಉಳಿತಾಯದ ಲೆಕ್ಕ ಬರೆಯುತ್ತ ಬಂದವರಿಗೆ ಒಬ್ಬರನ್ನೊಬ್ಬರು ಕರೆಯುವುದು ಗೊತ್ತಿತ್ತು. ಮೊದಲೇ ಕೂಡಿದವರೇ ಕಷ್ಟಕಾಲದಲ್ಲಿ ಬೇಗ ಕೂಡುತ್ತಾರೆ.

ಇಲ್ಲಿಂದ ನಮ್ಮ ಧರ್ಮಕೇಂದ್ರದತ್ತ ನೋಡೋಣ. ನಮ್ಮಲ್ಲಿ ವಾರ್ಡುಗಳಿವೆ, ಗುರಿಕಾರರಿದ್ದಾರೆ, ಕಿರು ಕ್ರೈಸ್ತ ಸಮುದಾಯಗಳಿವೆ, ವಿನ್ಸೆಂಟ್ ದೆ ಪೌಲರ ಸಭೆಯಿದೆ, ಯುವಕ ಸಂಘವಿದೆ, ಸ್ತ್ರೀಯರ ಸಂಘಟನೆಯಿದೆ. ಹಬ್ಬದ ದಿನ ಸಾವಿರಾರು ಜನರಿಗೆ ಊಟವಿಕ್ಕುವ ಪಾತ್ರೆಗಳೂ ಅಡಿಗೆಯವರೂ ಇದ್ದಾರೆ. ಇಲ್ಲದಿರುವುದು ಒಂದು ಪಟ್ಟಿ ಮಾತ್ರ. ಉರಿಯೆದ್ದಾಗ ಬಾವಿ ತೋಡಬಾರದೆಂದು ಹಿರಿಯರು ಹೇಳುತ್ತಾರೆ. ಆದುದರಿಂದ ಶತಮಾನೋತ್ಸವದ ಸ್ಮರಣಾರ್ಥ ಮುಂದಿನ ಮಳೆಗಾಲದ ಮುನ್ನ ಆಗಬೇಕಾದ ಕೆಲವು ಚಿಕ್ಕ ಕೆಲಸಗಳನ್ನು ವಿನಯಪೂರ್ವಕವಾಗಿ ಸೂಚಿಸುತ್ತೇನೆ.

ಪ್ರತಿ ವಾರ್ಡಿನ ಗುರಿಕಾರರು ಒಂದು ಪುಸ್ತಕವನ್ನಿಡಲಿ. ಅದರಲ್ಲಿ ಕ್ರೈಸ್ತರದು ಮಾತ್ರವಲ್ಲದೆ ಆ ಪ್ರದೇಶದ ಎಲ್ಲ ಮನೆಗಳ ಒಪ್ಪಿಗೆ ಪಡೆದು, ಹಾಸಿಗೆ ಹಿಡಿದವರು, ಗರ್ಭಿಣಿಯರು, ಒಂಟಿಯಾಗಿರುವ ವೃದ್ಧರು ಯಾರು ಎಂಬುದನ್ನು ಬರೆಯಲಿ. ಮತ್ತೊಂದು ಪುಟದಲ್ಲಿ ದೋಣಿಯವರು, ಲಾರಿ ಮತ್ತು ಟ್ರ್ಯಾಕ್ಟರು ಉಳ್ಳವರು, ದಾದಿಯರು, ವಿದ್ಯುತ್ ಕೆಲಸದವರು, ಈಜು ಬಲ್ಲವರು ಇವರ ಹೆಸರುಗಳಿರಲಿ. ವರ್ಷಕ್ಕೊಮ್ಮೆ ಈ ಪುಸ್ತಕವನ್ನು ತಿದ್ದಲಿ. ಶಾಲೆಯ ಬೀಗದ ಕೈ ಯಾರಲ್ಲಿದೆ, ಅವರಿಲ್ಲದಾಗ ಯಾರಲ್ಲಿ ಎಂಬುದು ಮೂರು ಮಂದಿಗಾದರೂ ತಿಳಿದಿರಲಿ. ಹಗ್ಗ, ಟಾರ್ಪಾಲು, ಟಾರ್ಚು, ನೀರು ಶುದ್ಧಿ ಮಾಡುವ ಕ್ಲೋರಿನ್ ಮಾತ್ರೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವುಗಳಿಗಾಗಿ ಒಂದು ಕಪಾಟು ಇರಲಿ. ಅದರ ಬಾಗಿಲಿಗೆ ದಾಸ್ತಾನಿನ ಪಟ್ಟಿ ಅಂಟಿಸಿರಲಿ. ಜಿಲ್ಲಾ ನಿಯಂತ್ರಣ ಕೊಠಡಿಯ 1077 ಎಂಬ ಸಂಖ್ಯೆಯು ಮಕ್ಕಳಿಗೂ ಕಂಠಪಾಠವಾಗಲಿ. ಮಳೆಗಾಲಕ್ಕೆ ಮೊದಲಿನ ಒಂದು ಭಾನುವಾರ, ಬಲಿಪೂಜೆಯ ನಂತರ, ಏಳು ಕೆಲಸಗಳಿಗೆ ಏಳು ಜೋಡಿಗಳನ್ನು ನೇಮಿಸಿ ಗುರುಗಳು ಆಶೀರ್ವದಿಸಲಿ. ಪ್ರೇಷಿತರು ಹಾಗೆಯೇ ಮಾಡಿದ್ದರು.

ಈ ನಾಡಿನ ಎಲ್ಲ ಮತಗಳವರೂ ಪ್ರೀತಿಯಿಂದ ಬರುವ ಅತ್ತೂರಿನಲ್ಲಿ ಸಂತ ಲಾರೆನ್ಸರ ಬಸಿಲಿಕವಿದೆ. ರೋಮಿನ ಧರ್ಮಸಭೆಯಲ್ಲಿ ಆ ಸಂತರು ಧರ್ಮಸೇವಕರಾಗಿದ್ದು, ಬಡವರಿಗಾಗಿ ಇಟ್ಟಿದ್ದ ಸಂಪತ್ತಿನ ಹೊಣೆ ಹೊತ್ತು, 258ರಲ್ಲಿ ರಕ್ತಸಾಕ್ಷಿಗಳಾದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವರು ಒಬ್ಬ ಉಗ್ರಾಣದ ಅಧಿಕಾರಿ. ಅವರ ಹಬ್ಬವು ಆಗಸ್ಟ್ 10ರಂದು, ನಮ್ಮ ನದಿಗಳು ತುಂಬಿ ಹರಿಯುವ ಕಾಲದಲ್ಲಿಯೇ ಬರುತ್ತದೆ. ಲೆಕ್ಕದ ಪುಸ್ತಕ ಹಿಡಿದು ಸಂತ ಪದವಿಗೇರಿದವರಿದ್ದಾರೆ ಎಂಬುದು ನಮ್ಮ ಗುರಿಕಾರರಿಗೂ ಉಗ್ರಾಣ ಕಾಯುವವರಿಗೂ ಧೈರ್ಯ ಕೊಡಲಿ.

ನಮ್ಮ ಪೂರ್ವಜರು ಈ ದೇವಾಲಯವನ್ನು ಕಟ್ಟುವಾಗ ಒಬ್ಬರು ಕಲ್ಲು ಹೊತ್ತರು, ಒಬ್ಬರು ಮರ ಕೊಟ್ಟರು, ಒಬ್ಬರು ಲೆಕ್ಕ ಬರೆದರು. ಯಾರು ಯಾವುದನ್ನು ಮಾಡಬೇಕೆಂದು ಕೂಡಿ ನಿಶ್ಚಯಿಸಿದ್ದರಿಂದಲೇ ಗೋಡೆ ಎದ್ದು ನಿಂತಿತು. ಆ ನಿಶ್ಚಯವನ್ನೇ ನೀರಿನಲ್ಲಿ ಸಿಕ್ಕಿಬೀಳಬಹುದಾದ ನೆರೆಯವರಿಗಾಗಿ ನಾವು ಈ ವರ್ಷ ಮಾಡೋಣ. ಗುರಿಕಾರರ ಪುಸ್ತಕದ ಮೊದಲ ಪುಟವನ್ನು ಇದೇ ವಾರ ತೆರೆಯಬೇಕೆಂದು ಪಾಲನಾ ಮಂಡಳಿಯವರಲ್ಲಿ ಪ್ರಾರ್ಥಿಸಿಕೊಳ್ಳುತ್ತೇನೆ.

 ದಯಾಮಯರಾದ ದೇವರು ನಮ್ಮೆಲ್ಲರನ್ನೂ ನಮ್ಮ ನೆರೆಹೊರೆಯವರನ್ನೂ ಕಾಪಾಡಲಿ.